ಚಿತ್ರದಲ್ಲಿ ಕಾಣದ ಲಕ್ವ

ಬಾಯಿ ಸೊಟ್ಟಗಾಗಿ, ಒಂದು ಕೈ ಸ್ವಾಧೀನ ತಪ್ಪಿ, ಮಾತು ತೊದಲಿದೊಡನೆ ಅದು ಲಕ್ವವೆಂದು ನಮ್ಮ ಜನರು ಬಲ್ಲರು. ಆದರೆ ಆಸ್ಪತ್ರೆಯಲ್ಲಿ ತಲೆಯ ಚಿತ್ರವನ್ನು ತೆಗೆದು ‘ಏನೂ ಕಾಣುವುದಿಲ್ಲ’ವೆಂದರೆ, ಏನೂ ಆಗಿಯೇ ಇಲ್ಲವೆಂದು ನಂಬಿ ಮನೆಗೆ ಹೊರಡುವವರೂ ಉಂಟು. ಈ ಸಮಾಧಾನವು ಅಪಾಯಕರವೆಂದು ನಾವು ಹೇಳಬೇಕಾಗಿದೆ.

ಮಿದುಳಿನ ರಕ್ತನಾಳವು ಮುಚ್ಚಿ, ಅದು ಪೋಷಿಸುತ್ತಿದ್ದ ಭಾಗವು ಸತ್ತವರು ಒಂದು ಗುಂಪು. ಅವೇ ಲಕ್ಷಣಗಳೊಡನೆ ಬಂದರೂ ಮಿದುಳಿನ ಯಾವ ಭಾಗವೂ ಸಾಯದವರು ಇನ್ನೊಂದು ಗುಂಪು. ಈ ಎರಡನೆಯವರೆಲ್ಲರೂ ಒಂದೇ ಬಗೆಯವರಲ್ಲ. ಮಧುಮೇಹದ ಔಷಧವನ್ನು ಸೇವಿಸಿ ಊಟವನ್ನು ಬಿಟ್ಟವನಿಗೆ ರಕ್ತದ ಸಕ್ಕರೆಯು ಇಳಿದಿರಬಹುದು. ಬೆರಳ ತುದಿಯ ಒಂದು ತೊಟ್ಟು ರಕ್ತದಿಂದ ಅದು ತಿಳಿಯುವುದು. ಅಪಸ್ಮಾರವು ಬಂದು ಹೋದ ಮೇಲೆ ಕೈಕಾಲು ಕೆಲವು ಗಂಟೆ ಸೋತಿರುವುದುಂಟು. ಅರೆತಲೆನೋವೂ ಇಂಥ ವೇಷವನ್ನು ತೊಡುವುದು. ಆದರೆ ಮತ್ತೊಬ್ಬನಿದ್ದಾನೆ: ನಾಳವು ಮುಚ್ಚಿದ್ದು ನಿಜ, ಹೆಪ್ಪು ತಾನಾಗಿ ಕರಗಿ ಕೈ ಸರಿಹೋಯಿತು. ದೊಡ್ಡ ಆಘಾತವು ಕಾದು ಕುಳಿತಿರುವುದು ಇವನಿಗೇ. ಅದೂ ಮೊದಲ ಕೆಲವು ದಿನಗಳಲ್ಲಿಯೇ ಹೆಚ್ಚು.

ಚಿತ್ರಕ್ಕೂ ಮಿತಿಯುಂಟು. ಸಿ.ಟಿ. ಯಂತ್ರವು ರಕ್ತಸ್ರಾವವನ್ನು ಕೂಡಲೇ ತೋರಿಸುವುದು. ನಾಳ ಮುಚ್ಚಿದ ಲಕ್ವವನ್ನು ಮೊದಲ ಗಂಟೆಗಳಲ್ಲಿ ಎಷ್ಟೋ ವೇಳೆ ತೋರಿಸದು. ಎಂ.ಆರ್.ಐ. ಹೆಚ್ಚು ಸೂಕ್ಷ್ಮವಾದರೂ ತಲೆಯ ಹಿಂಭಾಗದ ಸಣ್ಣ ಪೆಟ್ಟುಗಳು ಅದರ ಕಣ್ಣನ್ನೂ ತಪ್ಪಿಸಬಲ್ಲವು. ವೈದ್ಯನಿಗಾದರೋ ಕಾಯಲು ಹೊತ್ತಿಲ್ಲ. ಹೆಪ್ಪು ಕರಗಿಸುವ ಆಲ್ಟಿಪ್ಲೇಸ್ ಔಷಧವು ೩ ಗಂಟೆಯೊಳಗೆ ಕೊಟ್ಟರೆ ಫಲಕಾರಿಯೆಂದು ಅಮೆರಿಕದ ಪರೀಕ್ಷೆಯು ೧೯೯೫ರಲ್ಲಿಯೂ, ನಾಲ್ಕೂವರೆ ಗಂಟೆಯವರೆಗೂ ಪ್ರಯೋಜನವುಂಟೆಂದು ಯೂರೋಪಿನ ಪರೀಕ್ಷೆಯು ೨೦೦೮ರಲ್ಲಿಯೂ ತೋರಿಸಿದುವು. ಅಮೆರಿಕದ ಪರೀಕ್ಷೆಯಲ್ಲಿ ಔಷಧ ಪಡೆದವರ ಪೈಕಿ ನೂರಕ್ಕೆ ೬.೪ ಮಂದಿಗೆ ಮಿದುಳಿನಲ್ಲಿ ರಕ್ತಸ್ರಾವವಾಗಿ ಸ್ಥಿತಿ ಕೆಟ್ಟಿತು. ವೈದ್ಯರ ಹಿಂಜರಿಕೆಯು ನಿಷ್ಕಾರಣವಲ್ಲ.

ಕೈ ಸರಿಹೋದವನ ವಿಷಯದಲ್ಲಿ ಆಕ್ಸ್‌ಫರ್ಡಿನ ವೈದ್ಯರು ೨೦೦೭ರಲ್ಲಿ ಪ್ರಕಟಿಸಿದ ಸಂಗತಿಯು ನಮಗೆ ಅತ್ಯಂತ ಮುಖ್ಯವಾಗಿ ತೋರುವುದು. ಕ್ಷಣಿಕ ಅಥವಾ ಲಘು ಲಕ್ವದವರಿಗೆ ಮೊದಲು ಅಲ್ಲಿ ದಿನ ಗೊತ್ತುಮಾಡಿ, ಸಲಹೆಯನ್ನು ಅವರವರ ವೈದ್ಯರಿಗೆ ಬರೆದು ಕಳುಹಿಸುತ್ತಿದ್ದರು. ಔಷಧವು ಕೈಸೇರಲು ಸುಮಾರು ೨೦ ದಿನಗಳಾಗುತ್ತಿದ್ದುವು. ಆಗ ೯೦ ದಿನಗಳೊಳಗೆ ಮತ್ತೆ ಲಕ್ವ ಹೊಡೆದವರು ನೂರಕ್ಕೆ ೧೦.೩. ಬಂದವರನ್ನು ಕಾಯಿಸದೆ ನೋಡಿ, ಚಿಕಿತ್ಸೆಯನ್ನು ಆಗಲೇ ಆರಂಭಿಸಿದ ಮೇಲೆ ಆ ಸಂಖ್ಯೆಯು ೨.೧ಕ್ಕೆ ಇಳಿಯಿತು. ಹೊಸ ಔಷಧವಾವುದೂ ಅಲ್ಲಿ ಸೃಷ್ಟಿಯಾಗಲಿಲ್ಲ. ಹೆಪ್ಪು ಕಟ್ಟದಂತೆ ಆಸ್ಪಿರಿನ್ ಮೊದಲಾದವು, ರಕ್ತದೊತ್ತಡದ ಗುಳಿಗೆ, ಕೊಬ್ಬನ್ನಿಳಿಸುವ ಸ್ಟ್ಯಾಟಿನ್: ನಮ್ಮ ಊರೂರಿನ ಔಷಧದ ಅಂಗಡಿಗಳಲ್ಲಿರುವ ಪದಾರ್ಥಗಳೇ. ಬದಲಾದದ್ದು ಹೊತ್ತು ಮಾತ್ರ.