ಗಡ್ಡೆ ತೆಗೆದಾಯ್ತು, ರಿಪೋರ್ಟ್ ಬಂತಾ?

ಅಂಡಾಶಯದ ಗಡ್ಡೆಯ ಆಪರೇಷನ್ ಆದವರನ್ನು ನೋಡಲು ಹೋದರೆ ನಾವು ಮೊದಲು ಕೇಳುವುದೇ 'ಎಷ್ಟು ದೊಡ್ಡದಿತ್ತು?' ಅಂತ. ತೆಂಗಿನಕಾಯಿಯಷ್ಟಿತ್ತಂತೆ, ಎರಡು ಕಿಲೋ ಇತ್ತಂತೆ ಎಂಬ ಸುದ್ದಿ ಮೊಹಲ್ಲಾ ಇಡೀ ಸುತ್ತುತ್ತದೆ. ಗಾತ್ರ ನೋಡಿ ಕ್ಯಾನ್ಸರ್ ಹೌದೋ ಅಲ್ಲವೋ ಹೇಳಲಾಗದು. ಹೊಟ್ಟೆ ತುಂಬ ಬೆಳೆದ ಲೋಳೆ ಗಡ್ಡೆ ಅಪಾಯವಿಲ್ಲದ್ದಾಗಿರಬಹುದು, ನಿಂಬೆಹಣ್ಣಿನಷ್ಟಿರುವುದು ಕ್ಯಾನ್ಸರ್ ಆಗಿರಬಹುದು. ಸ್ಕ್ಯಾನಿಂಗ್, ಸಿಎ-125 ರಕ್ತಪರೀಕ್ಷೆ ಅನುಮಾನ ಹುಟ್ಟಿಸುತ್ತವೆ ಅಷ್ಟೇ. ತೀರ್ಪು ಬರುವುದು ಸೂಕ್ಷ್ಮದರ್ಶಕದ ಕೆಳಗೆ.

ತೆಗೆದ ಗಡ್ಡೆ ಫಾರ್ಮಲಿನ್‌ನಲ್ಲಿ ಲ್ಯಾಬಿಗೆ ಹೋಗುತ್ತದೆ. ಅಲ್ಲಿ ಬೇರೆಬೇರೆ ಕಡೆಯಿಂದ ತುಂಡು ತೆಗೆದು, ಮೇಣದಲ್ಲಿ ಹೂತು, ಕೂದಲಿಗಿಂತಲೂ ತೆಳುವಾಗಿ ಸೀಳಿ, ನೇರಳೆ-ಗುಲಾಬಿ ಬಣ್ಣ ಹಚ್ಚಿ ನೋಡುತ್ತಾರೆ. ಒಂದೇ ಗಡ್ಡೆಯ ಒಂದು ಮೂಲೆ ಸಾದಾ, ಇನ್ನೊಂದು ಮೂಲೆ ಕ್ಯಾನ್ಸರ್ ಇರಬಹುದು. ಅದಕ್ಕೇ ತುಂಡುಗಳು ಹೆಚ್ಚು, ದಿನಗಳೂ ಹೆಚ್ಚು. ತಡವಾಯ್ತೆಂದು ಸಿಡುಕಬೇಡಿ.

ವೈದ್ಯರು ಮುಖ್ಯವಾಗಿ ಹುಡುಕುವುದು ಗಡ್ಡೆ ಯಾವ ಜೀವಕೋಶದಿಂದ ಹುಟ್ಟಿತು ಅನ್ನೋದನ್ನು. ವಿಶ್ವ ಆರೋಗ್ಯ ಸಂಸ್ಥೆ 1973ರಲ್ಲಿ ಮೊದಲು ಮಾಡಿದ ವರ್ಗೀಕರಣ 2020ರಲ್ಲಿ ಮತ್ತೆ ಪರಿಷ್ಕರಣೆಯಾಯಿತು. ದೊಡ್ಡ ಗುಂಪು ಎಪಿಥೀಲಿಯಲ್ ಗಡ್ಡೆಗಳದ್ದು. ಮುಟ್ಟು ನಿಂತವರಲ್ಲಿ ಕಾಣುವ ಅಂಡಾಶಯ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಇವೇ. ಇದರಲ್ಲಿ 'ಬಾರ್ಡರ್‌ಲೈನ್' ಅಂತ ಒಂದಿದೆ. ಜೀವಕೋಶಗಳು ಕೆಟ್ಟಂತೆ ಕಂಡರೂ ಒಳಗಿನ ಅಂಗಾಂಶಕ್ಕೆ ನುಗ್ಗಿರುವುದಿಲ್ಲ. ಇನ್ನೊಂದು ಗುಂಪು ಹಾರ್ಮೋನಿಗೆ ಸಂಬಂಧಿಸಿದ ಜೀವಕೋಶಗಳದ್ದು. ಅದರಲ್ಲಿ ಗ್ರಾನ್ಯುಲೋಸಾ ಗಡ್ಡೆಯ ಕೋಶಕೇಂದ್ರ ಕಾಫಿ ಬೀಜದ ಹಾಗೆ ನಡುವೆ ಗೀರಿಟ್ಟುಕೊಂಡಿರುತ್ತದೆ. ಮುಟ್ಟು ನಿಂತ ಮೇಲೂ ರಕ್ತ ಕಾಣಲು ಇದೂ ಒಂದು ಕಾರಣ.

ನಮ್ಮ ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ, ಅಂಡಾಣು ಮೂಲದ ಗಡ್ಡೆಗಳ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಡರ್ಮಾಯ್ಡ್ ಗಡ್ಡೆ ಕೊಯ್ದರೆ ಒಳಗೆ ಕೂದಲು, ಕೊಬ್ಬು, ಕೆಲವೊಮ್ಮೆ ಹಲ್ಲು! ಇದನ್ನು ಕೇಳಿ ಮಾಟ ಅನ್ನುವವರಿದ್ದಾರೆ, ಮದುವೆಯಾಗದ ಹುಡುಗಿಯ ನಡತೆಗೆ ಬೆರಳು ತೋರುವವರೂ ಇದ್ದಾರೆ. ಎರಡೂ ಸುಳ್ಳು. ದೇಹದ ಯಾವುದೇ ಭಾಗವಾಗಬಲ್ಲ ಜೀವಕೋಶ ತನ್ನಷ್ಟಕ್ಕೇ ಬೆಳೆದದ್ದು ಅದು, ಗರ್ಭಕ್ಕೂ ಅದಕ್ಕೂ ಸಂಬಂಧವಿಲ್ಲ. ಬಹುತೇಕ ಕ್ಯಾನ್ಸರೂ ಅಲ್ಲ. ಈ ಗುಂಪಿನಲ್ಲಿ ಕ್ಯಾನ್ಸರ್ ಆದವು ಕೂಡ ಕೀಮೋಗೆ ಚೆನ್ನಾಗಿ ಬಗ್ಗುತ್ತವೆ. ಇನ್ನೊಂದು ಅಂಡಾಶಯ, ಗರ್ಭಕೋಶ ಉಳಿಸಿ ಚಿಕಿತ್ಸೆ ಕೊಡುವುದು ಎಷ್ಟೋ ಸಲ ಸಾಧ್ಯ. 'ಎಲ್ಲಾ ತೆಗೆದುಬಿಡಿ' ಅನ್ನುವ ಮೊದಲು ಈ ಮಾತು ಕೇಳಿಕೊಳ್ಳಿ.

ಕೆಲವು ಗಡ್ಡೆ ಅಂಡಾಶಯದ್ದೇ ಅಲ್ಲ. ಜರ್ಮನಿಯ ಕ್ರುಕೆನ್‌ಬರ್ಗ್ 1896ರಲ್ಲಿ ಹೊಸ ಬಗೆಯ ಅಂಡಾಶಯದ ಗಡ್ಡೆಯೆಂದು ಬರೆದದ್ದು ಹೆಚ್ಚಾಗಿ ಜಠರದಿಂದ ಹರಡುವ ಕ್ಯಾನ್ಸರ್ ಎಂದು ನಂತರ ಗೊತ್ತಾಯಿತು. ಅದರ ಜೀವಕೋಶ ಉಂಗುರದ ಆಕಾರದ್ದು. ಹಾಗೆ ಕಂಡರೆ ಎಂಡೋಸ್ಕೋಪಿಗೆ ಬರೆಯುತ್ತಾರೆ. 'ಹೊಟ್ಟೆ ಕೆಳಗಿನ ಕಾಯಿಲೆಗೆ ಗಂಟಲಲ್ಲಿ ಪೈಪ್ ಯಾಕೆ' ಎಂದು ಜಗಳಕ್ಕೆ ಹೋಗಬೇಡಿ.

ಡಿಸ್ಚಾರ್ಜ್ ಚೀಟಿಯೇ ಬಯಾಪ್ಸಿ ರಿಪೋರ್ಟ್ ಅಲ್ಲ. ಗಡ್ಡೆ ಪರೀಕ್ಷೆಗೆ ಹೋಗಿದೆಯಾ ಅಂತ ಅಂದೇ ಕೇಳಿ. ಎರಡನೇ ಅಭಿಪ್ರಾಯಕ್ಕೆ ಮಂಗಳೂರಿಗೋ ದೇರಳಕಟ್ಟೆಗೋ ಹೊರಟರೆ ಸ್ಲೈಡ್ ಮತ್ತು ಮೇಣದ ಬ್ಲಾಕ್ ಕೇಳಿ ಪಡೆದು ಕೊಂಡೊಯ್ಯಿರಿ. ಗಲ್ಫ್‌ನಲ್ಲಿರುವ ಮಗನಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ರಿಪೋರ್ಟಿನ ಫೋಟೋ ಅಲ್ಲಿಯ ವೈದ್ಯರಿಗೆ ಓದಲು ಸಿಕ್ಕೀತು, ಆದರೆ ಜೀವಕೋಶವನ್ನು ಮತ್ತೆ ನೋಡಬೇಕಾದರೆ ಸ್ಲೈಡೇ ಬೇಕು.