ಮೊದಲು ಕಿವಿ, ಕೊನೆಗೆ ಪಾನಾ

ದೇವದುರ್ಗದಲ್ಲಿ ಒಣ ಮೆಣಸಿನಕಾಯಿ ಚೀಲ ಹೇರಿಕೊಂಡು ರಾಯಚೂರಿಗೆ ಹೊರಟಿದ್ದೆ. ಗಬ್ಬೂರು ಇನ್ನೂ ಮುಂದಿತ್ತು. ಗಾಡಿ ಎರಡು ಸಲ ಬಿಕ್ಕಿ, ರಸ್ತೆ ಪಕ್ಕದ ಜಾಲಿ ಗಿಡದ ಕೆಳಗೆ ನಿಂತೇಬಿಟ್ಟಿತು. ಟ್ಯಾಂಕಿನಲ್ಲಿ ಅರ್ಧಕ್ಕೂ ಹೆಚ್ಚು ಡೀಸೆಲ್ ಇತ್ತು. ಬಾನೆಟ್ ಎತ್ತಿ, ಡೀಸೆಲ್ ಫಿಲ್ಟರಿನ ಮೇಲಿನ ಬೋಲ್ಟ್ ಸಡಿಲಿಸಿ ಕೈಪಂಪು ಒತ್ತಿದೆ. ಮೊದಲು ನೊರೆ ಬಂತು, ಆಮೇಲೆ ತಿಳಿ ಡೀಸೆಲ್. ಬೋಲ್ಟ್ ಬಿಗಿದು ಸೆಲ್ಫ್ ಹೊಡೆದರೆ ಗಾಡಿ ಶುರು. ಹತ್ತು ಕಿಲೋಮೀಟರ್ ಓಡಿತು, ಮತ್ತೆ ಅದೇ ಬಿಕ್ಕಳಿಕೆ.

ನಮ್ಮ ಮನೆಯ ಈ ಪಿಕಪ್ಪಿಗೆ ಹದಿನೈದು ವರ್ಷ ಮೀರಿದೆ. ಆ ತಿಂಗಳು ಒಂದು ಗ್ಯಾರೇಜಿನವರು ಫಿಲ್ಟರ್ ಬದಲಿಸಿದರು, ಇನ್ನೊಬ್ಬರು ಫೀಡ್ ಪಂಪ್ ಬದಲಿಸಿದರು, ಮೂರನೆಯವರು ನಾಜಲ್ ಬಿಚ್ಚಿ ಸರ್ವಿಸ್ ಮಾಡಿಕೊಟ್ಟರು. ದುಡ್ಡು ಹೋಯಿತು, ರೋಗ ಹಾಗೆಯೇ ಉಳಿಯಿತು. ಕೊನೆಗೆ ಮಾನ್ವಿ ರಸ್ತೆಯ ಒಂದು ತಗಡಿನ ಶೆಡ್ಡಿಗೆ ಒಯ್ದೆ. ಅಲ್ಲಿನ ಹಿರಿಯ ಉಸ್ತಾದರು ಪಾನಾ ಮುಟ್ಟಲಿಲ್ಲ. "ಬಿಚ್ಚೂದು ಆಮೇಲಿಂದ್ರಿ. ಎಷ್ಟ್ ದೂರ ಹೋದ ಮ್ಯಾಲ ನಿಲ್ತದ, ಖಾಲಿ ಇದ್ದಾಗೂ ನಿಲ್ತದೇನು, ಅದನ್ನ ಹೇಳ್ರಿ ಮೊದ್ಲ" ಎಂದರು. ಕಾಲು ಗಂಟೆ ಬರೀ ಪ್ರಶ್ನೆಗಳೇ. ಆಮೇಲೆ ಟ್ಯಾಂಕಿನಿಂದ ಬರುವ ಕಪ್ಪು ರಬ್ಬರ್ ಪೈಪನ್ನು ಫೀಡ್ ಪಂಪಿನ ಹತ್ತಿರ ಕಳಚಿ, ನಡುವೆ ಗೇಣುದ್ದದ ಪಾರದರ್ಶಕ ಪೈಪಿನ ತುಂಡು ಕೂಡಿಸಿದರು. ಎಂಜಿನ್ ಓಡತೊಡಗಿತು. ಆ ತುಂಡಿನೊಳಗೆ ಡೀಸೆಲ್ ಜೊತೆ ಸಾಸಿವೆ ಕಾಳಿನಷ್ಟು ಗಾಳಿಗುಳ್ಳೆಗಳು ಸಾಲಾಗಿ ಬರುತ್ತಿರುವುದು ಬರಿಗಣ್ಣಿಗೆ ಕಂಡಿತು. ಟ್ಯಾಂಕಿನ ಕಡೆಯ ಪೈಪಿಗೆ ಕ್ಲಿಪ್ಪಿನ ಕೆಳಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು.

"ಡೀಸೆಲ್ ಹೊರಗ ಸೋರೂದಿಲ್ರಿ, ಗಾಳಿ ಒಳಗ ಹೋಗತದ. ಅದಕ್ಕ ಯಾರ ಕಣ್ಣಿಗೂ ಬೀಳಂಗಿಲ್ಲ." ಪಂಪು ಡೀಸೆಲ್ಲನ್ನು ಎಳೆದುಕೊಳ್ಳುವ ಬದಿಯಲ್ಲಿ ಒತ್ತಡ ಕಡಿಮೆ ಇರುತ್ತದೆ. ಅಲ್ಲಿ ತೂತಾದರೆ ಎಣ್ಣೆ ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿಯೇ ಒಳಸೇರುತ್ತದೆ. ಆ ಗಾಳಿ ಫಿಲ್ಟರಿನ ತಲೆಯಲ್ಲಿ ಕೂಡುತ್ತಾ ಹೋಗಿ, ಹತ್ತು ಕಿಲೋಮೀಟರಿಗೆ ಎಂಜಿನ್ನಿಗೆ ಡೀಸೆಲ್ ಸಿಗದಷ್ಟಾಗುತ್ತಿತ್ತು. ಒಂದು ಮೊಳ ಪೈಪು, ಎರಡು ಕ್ಲಿಪ್ಪು, ಅಷ್ಟಕ್ಕೇ ಮುಗಿಯಿತು.

ಹೀಗೆ ರೋಗದ ಮೂಲ ಹುಡುಕುವುದು ಬಿಡಿಭಾಗ ಬದಲಿಸುವುದಕ್ಕಿಂತ ಬೇರೆಯೇ ಕಸುಬು ಎಂದು ನನಗೆ ಆ ದಿನ ಮನವರಿಕೆಯಾಯಿತು. ರಾಯಚೂರಿನ ರಾಜೇಂದ್ರ ಗಂಜಿನ ಆಸುಪಾಸು, ಮಾನ್ವಿ, ದೇವದುರ್ಗದ ರಸ್ತೆಬದಿಗಳಲ್ಲಿ ಈ ಕಸುಬು ಬಲ್ಲವರು ಇನ್ನೂ ಇದ್ದಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಮಾನ್ವಿಯ ಭತ್ತ, ನಾರಾಯಣಪುರ ಬಲದಂಡೆ ಕಾಲುವೆಯ ದೇವದುರ್ಗದ ಹೊಲಗಳ ಬೆಳೆ, ಎರೆಭೂಮಿಯ ಹತ್ತಿ ಎಲ್ಲವೂ ಮಾರುಕಟ್ಟೆಗೆ ಬರುವುದು ಹೆಚ್ಚಾಗಿ ಸಣ್ಣ ಗಾಡಿಗಳ ಬೆನ್ನ ಮೇಲೆ. 1986ರಲ್ಲಿ ಟಾಟಾ 407 ಬಂತು. ಮಹೀಂದ್ರಾದ ಪಿಕಪ್ಪುಗಳು ಹಳ್ಳಿ ಹಳ್ಳಿ ಹೊಕ್ಕವು. 2005ರಲ್ಲಿ ಎರಡು ಸಿಲಿಂಡರಿನ, 702 ಸಿಸಿಯ ಟಾಟಾ ಏಸ್ ಬಂದು 'ಛೋಟಾ ಹಾಥಿ'ಯಾಯಿತು. ಕೆಎ 36 ಫಲಕ ಹೊತ್ತ ಇಂಥ ಎಷ್ಟೋ ಗಾಡಿಗಳು ಇಂದಿಗೂ ಒಂದೊಂದು ಮನೆಯನ್ನು ಸಾಕುತ್ತಿವೆ.

ಹಳೆಯ ಡೀಸೆಲ್ ಎಂಜಿನ್ನಿಗೆ ಬೇಕಾದ್ದು ಮೂರೇ: ಶುದ್ಧ ಗಾಳಿ, ಶುದ್ಧ ಡೀಸೆಲ್, ಒಳ್ಳೆಯ ಕಂಪ್ರೆಷನ್. ಇದರಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿದಾಗ ಅದರ ಬಿಸಿಗೇ ಡೀಸೆಲ್ ಉರಿಯುತ್ತದೆ. ಆದ್ದರಿಂದ ಉಸ್ತಾದರು ಮೊದಲು ನೋಡುವುದು ಹೊಗೆಯನ್ನು. ಏರು ಹತ್ತುವಾಗ ಕಪ್ಪು ಹೊಗೆ ಬಂದರೆ ಗಾಳಿ ಸಾಲದು ಇಲ್ಲವೇ ಡೀಸೆಲ್ ಹೆಚ್ಚು. ಏರ್ ಫಿಲ್ಟರ್ ಕಟ್ಟಿರಬಹುದು, ನಾಜಲ್ ಸಿಂಪಡಿಸುವ ಬದಲು ಸುರಿಯುತ್ತಿರಬಹುದು. ನೀಲಿ ಹೊಗೆಯಾದರೆ ಎಂಜಿನ್ ಆಯಿಲ್ ಸುಡುತ್ತಿದೆ, ರಿಂಗು ಸವೆದಿರಬಹುದು. ಬಿಳಿ ಹೊಗೆ ಬೆಳಗಿನ ಚಳಿಯಲ್ಲಿ ಎರಡು ನಿಮಿಷ ಬಂದು ನಿಂತರೆ ಚಿಂತೆಯಿಲ್ಲ. ಬಿಸಿಯಾದ ಮೇಲೂ ಬರುತ್ತಿದ್ದು, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕು. ತಣ್ಣಗಿನ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆದು ಶುರು ಮಾಡಿ ನೋಡಿದರೆ, ನೀರಿನಲ್ಲಿ ಗುಳ್ಳೆ ಬಿಡದೆ ಏಳುವುದೇ ಅದಕ್ಕೆ ಸಾಕ್ಷಿ.

ರೇಡಿಯೇಟರಿನ ಬಗ್ಗೆ ನಾನು ಸ್ವಲ್ಪ ಹೆಚ್ಚೇ ಹೇಳಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಹಳೆಯ ಗಾಡಿಗಳನ್ನು ಕೊಲ್ಲುವುದು ಕಾವೇ. ಕೇಡು ಶುರುವಾಗುವುದು ಬಹಳ ಸಲ ಅಂಗೈಯಲ್ಲಿ ಹಿಡಿಯುವ ಮುಚ್ಚಳದಿಂದ. ಆ ಮುಚ್ಚಳದ ಸ್ಪ್ರಿಂಗು, ರಬ್ಬರು ಗಟ್ಟಿ ಇದ್ದರೆ ಒಳಗೆ ಒತ್ತಡ ನಿಲ್ಲುತ್ತದೆ, ನೀರು 100 ಡಿಗ್ರಿಗೆ ಕುದಿಯದೆ ಇನ್ನೂ ಹದಿನೈದಿಪ್ಪತ್ತು ಡಿಗ್ರಿ ತಾಳಿಕೊಳ್ಳುತ್ತದೆ. ರಬ್ಬರು ಸತ್ತರೆ ನೀರು ಉಕ್ಕಿ ಹೊರಗೆ. ಡ್ರೈವರು ಹತ್ತಿರದ ಬೋರ್‌ವೆಲ್ಲಿನಿಂದ ಕೊಡ ತಂದು ಸುರಿಯುತ್ತಾನೆ. ನಮ್ಮ ಬೋರಿನ ನೀರು ಗಡಸು. ಸ್ನಾನದ ಹಂಡೆಯ ಒಳಗೆ ಕಟ್ಟುವ ಬಿಳಿ ಹೊರೆಯೇ ರೇಡಿಯೇಟರಿನ ಸಣ್ಣ ನಳಿಗೆಗಳಲ್ಲೂ ಕಟ್ಟುತ್ತದೆ. ನಳಿಗೆ ಕಟ್ಟಿದಷ್ಟೂ ಕಾವು ಏರುತ್ತದೆ, ನೀರು ಮತ್ತೆ ಉಕ್ಕುತ್ತದೆ, ಮತ್ತೆ ಬೋರಿನ ನೀರು. ಒಂದು ದಿನ ಹೆಡ್ಡೇ ಬಾಗುತ್ತದೆ.

ಹೊರಗಿನ ಕೇಡು ಬೇರೆ. ಹತ್ತಿಯ ಹಂಗಾಮಿನಲ್ಲಿ ಗಂಜಿನ ಸುತ್ತ ಓಡಾಡುವ ಗಾಡಿಗಳ ರೇಡಿಯೇಟರಿಗೆ ಅರಳೆ ಮೆತ್ತಿಕೊಳ್ಳುತ್ತದೆ. ಭತ್ತದ ಸುಗ್ಗಿಯಲ್ಲಿ ಹೊಟ್ಟು, ಧೂಳು ಅದರ ಮೇಲೆ ಕೂರುತ್ತವೆ. ಮುಂದಿನಿಂದ ನೋಡಿದರೆ ಏನೂ ಕಾಣದು. ಟಾರ್ಚ್ ಹಿಡಿದು ಹಿಂದಿನಿಂದ ಬೆಳಕು ಬಿಟ್ಟು ನೋಡಬೇಕು. ನೀರು ಹೊಡೆಯುವುದೂ ಫ್ಯಾನಿನ ಬದಿಯಿಂದ ಹೊರಕ್ಕೇ ಆಗಬೇಕು, ಅದೂ ಮೆಲ್ಲಗೆ. ಹಳೆಯ ಹಿತ್ತಾಳೆ ರೇಡಿಯೇಟರ್ ಆದರೆ ಮೇಲಿನ ಟ್ಯಾಂಕಿನ ಬೆಸುಗೆ ಬಿಚ್ಚಿ, ನಳಿಗೆಗಳಿಗೆ ಸಳಿ ಹಾಕಿ ಹೊರೆ ತೆಗೆಯುವವರಿದ್ದಾರೆ. ಈಗ ಹಳ್ಳಿಗಳಲ್ಲೂ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ಒಂದು ಕ್ಯಾನ್ ಆ ನೀರು, ಅದಕ್ಕೆ ಕಂಪನಿ ಹೇಳಿದ ಅಳತೆಯ ಕೂಲೆಂಟ್. ಇಷ್ಟು ಮಾಡಿದರೆ ಅರ್ಧ ರೋಗ ಹತ್ತಿರ ಸುಳಿಯುವುದಿಲ್ಲ. ಕಾವು ಏರಿದೊಡನೆ ಥರ್ಮೋಸ್ಟಾಟ್ ಕಿತ್ತೆಸೆಯುವ ರೂಢಿ ಮಾತ್ರ ತಪ್ಪು. ಕಾರಣ ಹಾಗೇ ಉಳಿದು, ಬೆಳಗಿನ ಹೊತ್ತು ತಣ್ಣಗೇ ಓಡಿ ಎಂಜಿನ್ ಬೇಗ ಸವೆಯುತ್ತದೆ.

ಇನ್ನು ಭಾರದ ಮಾತು. ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ 40 ಅಡಿಗೂ ಹೆಚ್ಚು ಉದ್ದದ ಒಂದೇ ಕಲ್ಲಿನ ಚಪ್ಪಡಿ ಇದೆ. ಅದನ್ನು ಬಂಡಿಯ ಮೇಲೆ ಹೇರಿ, ಸಾಲು ಸಾಲು ದನಗಳನ್ನು ಕಟ್ಟಿ ಎಳೆದು ತಂದ ಬಗೆಯನ್ನೂ ಅಲ್ಲಿಯೇ ಕೆತ್ತಿದ್ದಾರೆ. ಗಾಲಿಗೆ ಸನ್ನೆಗೋಲು ಕೊಟ್ಟು ನೂಕುವ ಆಳುಗಳೂ ಅದರಲ್ಲಿದ್ದಾರೆ. ಆ ಕಲ್ಲಿಗೆ ಎಷ್ಟು ದನ, ಎಷ್ಟು ಆಳು ಬೇಕೆಂಬ ಲೆಕ್ಕ ಅವರಿಗೆ ಗೊತ್ತಿತ್ತು. ನಾವು ಲೆಕ್ಕ ಬಿಟ್ಟಿದ್ದೇವೆ. ಮಾನ್ವಿ ಕಡೆ ಭತ್ತದ ಚೀಲವೆಂದರೆ 75 ಕೆ.ಜಿ. ಮುಕ್ಕಾಲು ಟನ್ನಿನ ಏಸ್ ಗಾಡಿಗೆ ಹತ್ತು ಚೀಲಕ್ಕೆ ಭಾರ ಭರ್ತಿ. ಇಪ್ಪತ್ತು ಹೇರಿದರೆ ಕಮಾನು ಕಟ್ಟಾಗುವುದು, ಕ್ಲಚ್ ಪ್ಲೇಟ್ ಸುಡುವುದು, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಸಡಿಲಾಗುವುದು ಗಾಡಿಯ ದೋಷವಲ್ಲ. ಖಾಲಿ ಗಾಡಿ ಸಮತಟ್ಟು ನೆಲದಲ್ಲಿ ಒಂದು ಬದಿಗೆ ವಾಲಿ ನಿಂತರೆ ಕಮಾನಿನ ಪಟ್ಟಿಗಳನ್ನು ಒಂದೊಂದಾಗಿ ನೋಡಬೇಕು. ನಡುವಿನ ಪಟ್ಟಿ ಮುರಿದದ್ದು ಎರೆಮಣ್ಣಿನ ಹೆಂಟೆಯೊಳಗೆ ಅಡಗಿರುತ್ತದೆ. ಮಳೆಗಾಲದಲ್ಲಿ ಹೊಲಕ್ಕೆ ಇಳಿದ ಗಾಡಿಯನ್ನು ಅಂದೇ ತೊಳೆದು ಗ್ರೀಸ್ ಹೊಡೆಯಬೇಕು. ಹಳೆಯ ಕಪ್ಪು ಗ್ರೀಸ್ ಹೊರಬಂದು ಹೊಸದು ಇಣುಕುವವರೆಗೂ ಹೊಡೆಯುವುದೇ ಅಳತೆ.

ಕರೆಂಟಿನ ದೋಷಕ್ಕೆ ಬ್ಯಾಟರಿ ಬದಲಿಸಲು ಓಡುವ ಮೊದಲು ಅರ್ಥ್ ವೈರನ್ನು ಬಿಚ್ಚಿ ತುಕ್ಕು ಉಜ್ಜಿ ನೋಡಿ. ನಿಂತ ಗಾಡಿಯಲ್ಲಿ 12.6 ವೋಲ್ಟ್, ಓಡುವಾಗ 14ರ ಆಸುಪಾಸು ಇದ್ದರೆ ಬ್ಯಾಟರಿಯೂ ಡೈನಮೋವೂ ಸರಿಯಿವೆ ಎನ್ನಬಹುದು.

2020ರ ಏಪ್ರಿಲ್ 1ರಿಂದ ಬಿಎಸ್ 6 ಬಂದ ಮೇಲೆ ಹೊಸ ಗಾಡಿಗಳ ಎಂಜಿನ್ನಿಗೆ ಸೆನ್ಸರುಗಳೇ ಕಣ್ಣು, ಕಿವಿ. ಅವು ಹೇಳುವುದನ್ನು ಸ್ಕ್ಯಾನರ್ ಓದುತ್ತದೆ. ಹೊಗೆ ಕಡಿಮೆಯಾಯಿತು, ಅದು ಒಳ್ಳೆಯದೇ. ಆದರೆ ಕಿವಿಗೊಟ್ಟು ಕಲಿಯುವ ಹುಡುಗರು ಈ ಶೆಡ್ಡುಗಳಿಗೆ ಬರುವುದು ಕಡಿಮೆಯಾಗಿದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ, ಹಿಡಿಯನ್ನು ಕಿವಿಗೆ ಒತ್ತಿ ಯಾವ ನಾಜಲ್ ಬಡಿಯುತ್ತಿದೆ ಎಂದು ಹೇಳುವ ವಿದ್ಯೆ ಪುಸ್ತಕದಲ್ಲಿಲ್ಲ. ನಮ್ಮ ಉಸ್ತಾದರ ಶೆಡ್ಡಿನಲ್ಲಿ ಈಗ ಒಬ್ಬನೇ ಹುಡುಗ. ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್ ಓದುವ ಮಕ್ಕಳು ವಾರಕ್ಕೊಂದು ದಿನ ಇಂಥವರ ಪಕ್ಕ ಕುಳಿತರೆ ಇಬ್ಬರಿಗೂ ಲಾಭ.

ನಾನು ಈಗ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಒಂದು ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇನೆ. ಆಯಿಲ್ ಬದಲಿಸಿದ ದಿನ, ಆಗಿನ ಕಿಲೋಮೀಟರು, ಬಂದ ಸದ್ದು, ಹಾಕಿದ ಸಾಮಾನು ಎಲ್ಲ ಅದರಲ್ಲಿದೆ. ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ಪ್ರತಿ ವರ್ಷ ಫಿಟ್‌ನೆಸ್ ಮಾಡಿಸಲೇಬೇಕು. ಆ ಹೊತ್ತಿಗೆ ಏನೇನು ಬಾಕಿ ಇದೆಯೆಂದು ಪುಸ್ತಕವೇ ಹೇಳುತ್ತದೆ.

ಮಹಾನವಮಿಗೆ ಗಾಡಿ ಪೂಜೆಯನ್ನು ನಾವು ಯಾರೂ ತಪ್ಪಿಸುವುದಿಲ್ಲ. ಹಾಗೆಯೇ ಯುಗಾದಿಗೆ ಒಂದು ವಾರ ಮುಂಚೆ ಬಾನೆಟ್ ಎತ್ತಿ, ರೇಡಿಯೇಟರ್ ಮುಚ್ಚಳದ ರಬ್ಬರು ನೋಡಿ, ಪ್ರತಿಯೊಂದು ಪೈಪನ್ನೂ ಕ್ಲಿಪ್ಪಿನ ಹತ್ತಿರ ಬೆರಳಲ್ಲಿ ಒತ್ತಿ ನೋಡಿ. ಬಿರುಕು ಕಂಡ ಪೈಪನ್ನು ಅಂದೇ ಬದಲಿಸಿ.