ಆಕಳ ಹಲ್ಲು ಹೋದರೆ ಮೇವು ಬದಲಿಸಿ



‘ನಮಗೆ ಹಲ್ಲು ಕಟ್ಟುತ್ತಾರಲ್ಲ, ಆಕಳಿಗೂ ಕಟ್ಟಬಹುದಾ ಡಾಕ್ಟರೇ?’ ಎಂದು ಬಸವಕಲ್ಯಾಣ, ಹುಮನಾಬಾದ್ ಕಡೆಯ ಸಂಘಗಳಲ್ಲಿ ಕೇಳುತ್ತೀರಿ. ಮನುಷ್ಯರಿಗೆ ದವಡೆಯ ಮೂಳೆಯಲ್ಲಿ ತಿರುಪು ಕೂರಿಸಿ, ಅದರ ಮೇಲೆ ಹಲ್ಲು ಕಟ್ಟುತ್ತಾರೆ. ತಿರುಪು ಓರೆಯಾಗಿ ಕೂತರೆ ಮೇಲಿನ ಜೋಡಣೆ ಬದಲಿಸಬೇಕು, ಕೆಲವೊಮ್ಮೆ ತಿರುಪನ್ನೇ ತೆಗೆದು ಮತ್ತೆ ಕೂರಿಸಬೇಕು. ದಿನಕ್ಕೆ ಏಳೆಂಟು ಗಂಟೆ ಮೆಲುಕು ಹಾಕುವ ಆಕಳಿಗೆ ಇದು ಆಗುವ ಮಾತಲ್ಲ. ಅಲ್ಲಿ ಹಲ್ಲಿನ ಕೆಲಸವನ್ನು ನಾವು ಮೇವಿನಲ್ಲಿ ಮಾಡಿಕೊಡಬೇಕು.

ಮೊದಲು ಎಣಿಸಿ ನೋಡಿ

ದನ, ಎಮ್ಮೆಗಳಿಗೆ ಮೇಲಿನ ದವಡೆಯ ಮುಂದೆ ಹಲ್ಲು ಇರುವುದೇ ಇಲ್ಲ, ಗಟ್ಟಿ ಒಸಡು ಮಾತ್ರ. ಕೆಳಗೆ ಮುಂದೆ 8, ಹಿಂದೆ ಮೇಲೆ 12, ಕೆಳಗೆ 12, ಒಟ್ಟು 32 ಹಲ್ಲು. ಸುಮಾರು ಎರಡರಿಂದ ನಾಲ್ಕು ವರ್ಷದೊಳಗೆ ಮುಂದಿನ ಹಾಲುಹಲ್ಲು ಜೋಡಿಜೋಡಿಯಾಗಿ ಉದುರಿ ಹೊಸವು ಬರುತ್ತವೆ. ಮಣಕದ ಹಲ್ಲು ಬಿದ್ದರೆ ಗಾಬರಿ ಬೇಡ.

ಯಾವ ಹಲ್ಲು ಹೋಗಿದೆ?

ವಯಸ್ಸಾಗಿ ಮುಂದಿನ ಹಲ್ಲು ಸವೆದರೆ ಅಥವಾ ಬಿದ್ದರೆ ಗಿಡ್ಡ ಹುಲ್ಲು ಕಚ್ಚಲು ಬರುವುದಿಲ್ಲ. ಗೋದಲಿಯಲ್ಲಿ ಕತ್ತರಿಸಿದ ಮೇವು ಸಿಕ್ಕರೆ ಅಂಥ ಆಕಳು ಚೆನ್ನಾಗಿಯೇ ತಿನ್ನುತ್ತದೆ. ಹಿಂದಿನ ಹಲ್ಲು ಕೆಟ್ಟರೆ ತೊಂದರೆ ದೊಡ್ಡದು. ಅರೆಬರೆ ಅಗಿದ ಮೇವಿನ ಉಂಡೆ ಉಗುಳುವುದು, ಒಂದೇ ಬದಿಯಲ್ಲಿ ಅಗಿಯುವುದು, ಬಾಯಿ ವಾಸನೆ, ದವಡೆ ಬಾವು ಇದರ ಗುರುತು. ಮೆಲುಕು ಕಡಿಮೆಯಾದರೆ ಹೊಟ್ಟೆಗೆ ಜೊಲ್ಲು ಸಾಲದು. ಹಾಲೂ ಇಳಿಯುತ್ತದೆ, ಫ್ಯಾಟೂ ಇಳಿಯುತ್ತದೆ. ಚೂಪಾದ ಹಲ್ಲನ್ನು ಉಜ್ಜಿ ಸರಿಮಾಡಬಹುದು, ಅಲುಗಾಡುವುದನ್ನು ಕೀಳಬಹುದು. ಅದು ಪಶುವೈದ್ಯರ ಕೆಲಸ, ಮನೆಯಲ್ಲಿ ಬೇಡ.

ಮೇವು ಹೀಗಿರಲಿ

* ಜೋಳದ ಕಣಕಿಯನ್ನು ಒಂದು ಇಂಚಿನಷ್ಟು ಕತ್ತರಿಸಿ, ನೀರು ಚಿಮುಕಿಸಿ ಮೆತ್ತಗಾದ ಮೇಲೆ ಹಾಕಿ.
* ತೊಗರಿ ಹೊಟ್ಟು, ಪಶು ಆಹಾರ ನೆನೆಸಿ ಕೊಡಿ. ನೆನೆಸಿದ್ದು ಹುಳಿಯಾಗುವ ಮೊದಲೇ ಖಾಲಿಯಾಗಲಿ.
* ಎಳೆಯ ಹಸಿಮೇವನ್ನೂ ಕತ್ತರಿಸಿಯೇ ಕೊಡಿ.
* ಉಳಿದ ದನಗಳಿಂದ ಬೇರೆ ಕಟ್ಟಿ, ನಿಧಾನವಾಗಿ ತಿನ್ನಲು ಬಿಡಿ.
* ಮೇವನ್ನು ಒಮ್ಮೆಲೇ ಬದಲಿಸದೆ ಎಂಟು ಹತ್ತು ದಿನಗಳಲ್ಲಿ ಬದಲಿಸಿ.

ಬಾಯಿಗೆ ಬರಿಗೈ ಹಾಕಬೇಡಿ

ಜೊಲ್ಲು ಸುರಿಸುತ್ತ, ನುಂಗಲಾಗದೆ, ದನಿ ಬದಲಾಗಿ ಕೂಗುವ ದನಕ್ಕೆ ಹಲ್ಲುನೋವೆಂದು ನೀವೇ ತೀರ್ಮಾನಿಸಬೇಡಿ. ಅದು ಹುಚ್ಚುನಾಯಿ ರೋಗವೂ ಆಗಿರಬಹುದು. ಜೊಲ್ಲು ಕೈಗೆ ತಾಗಿದ್ದರೆ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ದನಕ್ಕಾಗಿ ಪಶು ಆಸ್ಪತ್ರೆಗೆ ಅಥವಾ 1962ಕ್ಕೆ ಕರೆ ಮಾಡಿ.

ಹಲ್ಲು ಹೋಯಿತೆಂದು ಆಕಳನ್ನು ಸಂತೆಯಲ್ಲಿ ಅಗ್ಗಕ್ಕೆ ಕೊಡುವ ಮೊದಲು ಒಂದು ತಿಂಗಳು ಹೀಗೆ ಮೇಯಿಸಿ, ಸಂಘದ ಪುಸ್ತಕದಲ್ಲಿ ಹಾಲು, ಫ್ಯಾಟ್ ನೋಡಿ. ಹಿಂದಿನ ಹಲ್ಲು ಗಟ್ಟಿಯಿದ್ದು ಗರ್ಭ ನಿಲ್ಲುವ ಆಕಳಾದರೆ ಮಾರುವ ಅವಸರ ಬೇಡ.